ರೇಸ್ ಟ್ರ್ಯಾಕ್ ಬರ್ಲಿ, ಆದ್ರೆ ಯಾರ ಜಮೀನಿನ ಮೇಲೆ?



ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ. ಆನೇಕಲ್, ಹೊಸಕೋಟೆ, ದೇವನಹಳ್ಳಿ ಕಡೆ ಸರ್ಕಾರದಿಂದ ಮಂಜೂರಾದ ಜಮೀನು ಇರೋ ನಮ್ಮವರು ನಿಮಗೆ ಗೊತ್ತಿದ್ರೆ, ಓದೋಕೆ ಬರದವರಿದ್ರೆ, ಕೂರಿಸ್ಕೊಂಡು ಓದಿ ಹೇಳಿ. ಕಾನೂನಿನ ಭಾಗ ಪೋಸ್ಟಿನ ಮಧ್ಯದಲ್ಲಿದೆ, ಅದನ್ನಂತೂ ಬಿಡಬೇಡಿ.

ಎರಡು ತಿಂಗಳಿಂದ ನಮ್ಮ ಕಾಲೋನಿಗೆ ಬಿಳಿ ಕಾರೊಂದು ಬಂದು ಹೋಗ್ತಿದೆ. ಬರೋರು ತುಂಬಾ ಮರ್ಯಾದಸ್ತರು. "ಅಣ್ಣಾ, ಅಮ್ಮಾ" ಅಂತಲೇ ಮಾತು. ಟ್ಯಾಬಲ್ಲಿ ವಿಡಿಯೋ ತೋರಿಸ್ತಾರೆ. ಹಾವಿನ ಥರ ತಿರುಗೋ ಕಪ್ಪು ರಸ್ತೆ, ಅದರ ಮೇಲೆ ಕೆಂಪು ಕಾರು, ಪಕ್ಕದಲ್ಲಿ ಹೋಟೆಲ್, ಈಜುಕೊಳ, ಸಾಲಾಗಿ ವಿಲ್ಲಾಗಳು. "ಮೋಟಾರ್ ಸ್ಪೋರ್ಟ್ಸ್ ಪಾರ್ಕ್" ಅಂತ ಹೆಸರು. ಖಾಸಗಿ ರೇಸ್ ಟ್ರ್ಯಾಕ್. ವಿಡಿಯೋದಲ್ಲಿ ನಮ್ಮ ರಾಗಿ ಹೊಲ ಇಲ್ಲ, ಕೆರೆ ಇಲ್ಲ, ಕಾಲೋನಿಯಂತೂ ಇಲ್ವೇ ಇಲ್ಲ. ನಾವಿದ್ದ ಜಾಗದಲ್ಲಿ ಹಸಿರು ಹುಲ್ಲು ಹಾಸಿದ್ದಾರೆ.

ಅವರು ಕೇಳ್ತಿರೋದು ಒಂದೇ ಒಂದು ಸಹಿ. ಮಾರಾಟ ಅಲ್ವಂತೆ, ಲೀಸ್ ಅಂತೆ. ಮೂವತ್ತು ವರ್ಷಕ್ಕೆ ಕರಾರು, ಈಗ ಅಡ್ವಾನ್ಸ್, ಜೊತೆಗೆ ಒಂದು ಜಿಪಿಎ. ನಕ್ಷೆಯಲ್ಲಿ ಬಣ್ಣ ಹಚ್ಚಿದ ಸರ್ವೆ ನಂಬರುಗಳನ್ನ ಪಹಣಿ ಇಟ್ಕೊಂಡು ಒಂದೊಂದಾಗಿ ನೋಡಿದೆ. ಹೆಚ್ಚಿನವು ನಮ್ಮ ಜನಕ್ಕೆ ಮಂಜೂರಾದ ಜಮೀನು. ಉಳಿದದ್ದರಲ್ಲಿ ಒಂದಷ್ಟು ಗೋಮಾಳ. ನಮ್ಮಪ್ಪನ ಹೆಸರಿಗೆ ಬಂದ ಎರಡು ಎಕರೆಯೂ ಅದರಲ್ಲೇ ಇದೆ. ಟ್ರ್ಯಾಕಿನ ಎರಡನೇ ತಿರುವು ಸರಿಯಾಗಿ ನಮ್ಮ ಹುಣಸೆ ಮರದ ಮೇಲೆ ಬರುತ್ತೆ.

ಇಷ್ಟೇ ಆಗಿದ್ರೆ ಈ ಪೋಸ್ಟ್ ಸುಲಭವಾಗಿತ್ತು. "ಭೂಗಳ್ಳರಿಗೆ ಧಿಕ್ಕಾರ" ಅಂತ ನಾಲ್ಕು ಸಾಲು ಬರೆದು, ನೀಲಿ ಬಾವುಟದ ಫೋಟೋ ಹಾಕಿ ಮುಗಿಸಬಹುದಿತ್ತು. ಆದ್ರೆ ಈ ಟ್ರ್ಯಾಕ್ ಬೇಕೇ ಬೇಕು ಅನ್ನೋನು ನಮ್ಮ ಮನೇಲೇ ಇದ್ದಾನೆ. ನನ್ನ ಅಕ್ಕನ ಮಗ. ಹತ್ತೊಂಬತ್ತು ವರ್ಷ. ಐಟಿಐ ಮುಗಿಸಿ ಬೊಮ್ಮಸಂದ್ರದ ಒಂದು ಗ್ಯಾರೇಜಲ್ಲಿ ಕೆಲಸ. ಬೈಕ್ ಸ್ಟಾರ್ಟ್ ಮಾಡಿದ ಶಬ್ದ ಕೇಳಿದ್ರೆ ಸಾಕು, ವಾಲ್ವಿಂದೋ ಚೈನಿಂದೋ ತೊಂದರೆ ಅಂತ ಹೇಳ್ತಾನೆ. ಮೊನ್ನೆ ಭಾನುವಾರ ನಾನು ಪಹಣಿ ಹರಡ್ಕೊಂಡು ಕೂತಿದ್ದಾಗ ಬಂದು ಕೇಳಿದ.

"ಮಾವ, ಎಲ್ಲಾದಕ್ಕೂ ಬೇಡ ಬೇಡ ಅಂತೀಯಲ್ಲ. ಬೇರೆಯೋರ ಮಕ್ಕಳು ಓಡ್ಸೋ ಕಾರನ್ನ ನಾನು ರಿಪೇರಿ ಮಾಡ್ಬೇಕು ಅಷ್ಟೇನಾ? ನಮ್ಮೂರಲ್ಲೇ ಟ್ರ್ಯಾಕ್ ಆದ್ರೆ ನಾನೂ ಓಡಿಸ್ತೀನಿ."

ಈ ಮಾತಿಗೆ ಭಾಷಣದಲ್ಲಿ ಉತ್ತರ ಕೊಡೋಕಾಗಲ್ಲ. ಅವನು ಕೇಳಿದ್ದರಲ್ಲಿ ಸ್ವಾಭಿಮಾನ ಇದೆ. ಅದಕ್ಕೇ ರೇಸ್ ಟ್ರ್ಯಾಕ್ ಅಂದ್ರೆ ಏನು, ಅದು ಹೇಗೆ ನಡೆಯುತ್ತೆ, ಎಲ್ಲೆಲ್ಲಿ ಏನಾಗಿದೆ ಅಂತ ಓದ್ಕೊಂಡು, ಗೊತ್ತಿರೋರನ್ನ ಕೇಳ್ಕೊಂಡು ಬರೀತಿದ್ದೀನಿ. ಅವನಿಗೂ ಇದೇ ಉತ್ತರ, ನಿಮಗೂ ಇದೇ.

ಮೊದಲು ಅವನ ಕಡೆಯ ನ್ಯಾಯ ಹೇಳ್ಬಿಡ್ತೀನಿ.

ನಮ್ಮ ಹುಡುಗರಿಗೆ ವೇಗದ ಹುಚ್ಚು ಇರೋದು ತಪ್ಪಲ್ಲ. ಆದ್ರೆ ಅವರಿಗೆ ಸಿಗೋ ಟ್ರ್ಯಾಕ್ ಯಾವುದು? ರಾತ್ರಿ ಹೊತ್ತಿನ ನೈಸ್ ರೋಡು, ಏರ್‌ಪೋರ್ಟ್ ರೋಡು, ಹೊಸೂರು ರೋಡಿನ ಸರ್ವಿಸ್ ರಸ್ತೆ. ಅಲ್ಲಿ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್. 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಹುಡುಗ 18 ತುಂಬದವನಾದ್ರೆ 199ಎ ಸೆಕ್ಷನ್ ಪ್ರಕಾರ ಅಪ್ಪನಿಗೋ ಗಾಡಿ ಮಾಲೀಕನಿಗೋ 3 ವರ್ಷದವರೆಗೆ ಜೈಲು, 25,000 ದಂಡ. ಕೇಸ್ ಆದ್ಮೇಲೆ ಸ್ಟೇಷನ್ನಿಗೆ ಹೋಗೋನು ನಾನು, ಅದಕ್ಕೇ ಈ ಸೆಕ್ಷನ್ನುಗಳೆಲ್ಲ ಬಾಯಿಪಾಠ ಆಗಿವೆ. ದುಡ್ಡಿರೋರ ಮಗನೂ ಅದೇ ರಸ್ತೇಲಿ ಅದೇ ವೇಗದಲ್ಲಿ ಓಡಿಸ್ತಾನೆ. ಆದ್ರೆ ಪೇಪರಲ್ಲಿ ಅವನು "ಬೈಕ್ ಪ್ರೇಮಿ", ನಮ್ಮ ಹುಡುಗ "ಪುಂಡ".

ರಸ್ತೇಲಿ ಸಾಯೋದಕ್ಕಿಂತ ಟ್ರ್ಯಾಕಲ್ಲಿ ಕಲಿಯೋದು ಒಳ್ಳೇದು. ಇದನ್ನ ನಾನೂ ಒಪ್ತೀನಿ. ಟ್ರ್ಯಾಕಲ್ಲಿ ಎದುರಿಂದ ಲಾರಿ ಬರಲ್ಲ. ಹೆಲ್ಮೆಟ್, ಚರ್ಮದ ಸೂಟ್, ಬಾವುಟ ಹಿಡಿದ ಮಾರ್ಷಲ್, ಆಂಬುಲೆನ್ಸ್ ಎಲ್ಲಾ ಇರುತ್ತೆ. ಆದ್ರೂ ಅದು ಆಟದ ಮೈದಾನ ಅಲ್ಲ. 2023ರ ಆಗಸ್ಟಲ್ಲಿ ಚೆನ್ನೈ ಟ್ರ್ಯಾಕಲ್ಲಿ ನಡೆದ ಬೈಕ್ ರೇಸಲ್ಲಿ ಸತ್ತಿದ್ದು ನಮ್ಮ ಬೆಂಗಳೂರಿನದೇ 13 ವರ್ಷದ ಹುಡುಗ. ಅದೇ ವರ್ಷ ಜನವರಿಯಲ್ಲಿ ಅದೇ ಟ್ರ್ಯಾಕಲ್ಲಿ ಕೆ.ಇ. ಕುಮಾರ್ ಅನ್ನೋ ಅನುಭವಿ ಕಾರ್ ರೇಸರ್ ತೀರ್ಕೊಂಡ್ರು. ಇಷ್ಟೆಲ್ಲಾ ಕಾವಲಿದ್ದ ಕಡೆಯೇ ಹೀಗಾದ್ರೆ, ಕಾವಲಿಲ್ಲದ ರಸ್ತೇಲಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ಟ್ರ್ಯಾಕಿನ ಕಥೆಗೆ ಬರೋಣ.

ದಕ್ಷಿಣ ಭಾರತದಲ್ಲಿ ರೇಸ್ ಶುರುವಾಗಿದ್ದು ಯಾರದ್ದೋ ಹೊಲ ಕಿತ್ಕೊಂಡು ಅಲ್ಲ. ಚೆನ್ನೈ ಹತ್ರ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಇತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅದರ ಮೇಲೆ ರೇಸ್ ಮಾಡ್ತಿದ್ರು. ಆಮೇಲೆ ಕ್ಲಬ್ಬಿನವರೇ ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರಿನ ಹತ್ರ ಇರುಂಗಾಟುಕೋಟೈನಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿದ್ರು. 1990ರಲ್ಲಿ ಶುರುವಾಯ್ತು. ಉದ್ದ ಸುಮಾರು 3.7 ಕಿಲೋಮೀಟರ್. ಕೊಯಮತ್ತೂರಿನ ಹೊರಗೆ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಸುಮಾರು 2.1 ಕಿಲೋಮೀಟರ್. 1995ರಲ್ಲಿ ತೀರಿಹೋದ ಕರಿವರ್ಧನ್ ಅನ್ನೋ ರೇಸರ್ ಹೆಸರು ಅದಕ್ಕೆ. ಮಾರುತಿ ಎಂಜಿನ್ ಹಾಕಿ ನಮ್ಮ ದೇಶದಲ್ಲೇ ಕಡಿಮೆ ಖರ್ಚಿನ ರೇಸ್ ಕಾರು ತಯಾರಿಸಿದವರು ಅವರು.

ನಮ್ಮ ಕರ್ನಾಟಕದಲ್ಲಿ ಇರೋದು ಚಿಕ್ಕವು. ಹೆಣ್ಣೂರು–ಬಾಗಲೂರು ರಸ್ತೇಲಿ ಮೆಕೋ ಕಾರ್ಟೋಪಿಯಾ ಅಂತ ಗೋ-ಕಾರ್ಟ್ ಟ್ರ್ಯಾಕ್ ಇದೆ. ಕೋಲಾರದ ಹತ್ರ ಬಿಗ್ ರಾಕ್ ಅನ್ನೋ ಡರ್ಟ್ ಪಾರ್ಕ್ ಇದೆ, ಮಣ್ಣು, ಬಂಡೆ, ದಿಬ್ಬದ ಮೇಲೆ ಬೈಕ್ ಓಡಿಸೋದನ್ನ ಕಲಿಸ್ತಾರೆ. ಅದನ್ನ ಶುರು ಮಾಡಿದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದವರು, ಭಾರತದವರಲ್ಲಿ ಮೊದಲಿಗರು. 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನ ಹೆಣ್ಣುಮಗಳೇ. ಪ್ರತಿಭೆ ಇಲ್ಲಿದೆ. ಆದ್ರೆ ಡಾಂಬರ್ ಟ್ರ್ಯಾಕಿನ ದೊಡ್ಡ ರೇಸಿಗೆ ಇಲ್ಲಿಯವರು ಚೆನ್ನೈಗೋ ಕೊಯಮತ್ತೂರಿಗೋ ಬೈಕನ್ನ ಟೆಂಪೋಗೆ ಕಟ್ಕೊಂಡು ಹೋಗ್ತಾರೆ. ಹಾಗಾಗಿ ಬೆಂಗಳೂರಿಗೆ ಟ್ರ್ಯಾಕ್ ಬೇಕು ಅನ್ನೋ ಮಾತು ಪೂರ್ತಿ ಸುಳ್ಳಲ್ಲ.

ಟ್ರ್ಯಾಕಿಗೆ ಇಷ್ಟೊಂದು ಜಮೀನು ಯಾಕೆ ಬೇಕು? ಓಡಿಸೋ ರಸ್ತೆ ಹತ್ತೋ ಹದಿನೈದೋ ಮೀಟರ್ ಅಗಲ ಅಷ್ಟೇ. ಆದ್ರೆ ತಿರುವಲ್ಲಿ ಹತೋಟಿ ತಪ್ಪಿದ ಗಾಡಿ ನಿಧಾನ ಆಗೋಕೆ ಹೊರಗಡೆ ವಿಶಾಲವಾದ ಖಾಲಿ ಜಾಗ ಬಿಡ್ಬೇಕು. ಜಲ್ಲಿ ಹಾಸ್ಬೇಕು, ಟೈರಿನ ಗೋಡೆ ಕಟ್ಬೇಕು. ಪಿಟ್, ಗ್ಯಾರೇಜು, ಆಸ್ಪತ್ರೆ, ಹೆಲಿಕಾಪ್ಟರ್ ಇಳಿಯೋ ಜಾಗ, ಜನ ಕೂರೋ ಗ್ಯಾಲರಿ, ಪಾರ್ಕಿಂಗು. ಇದೆಲ್ಲಾ ನಿಜವಾದ ಅಗತ್ಯ. ಇಷ್ಟಾದ ಮೇಲೆ ಬರೋದು ಹೋಟೆಲು, ವಿಲ್ಲಾ, ಕ್ಲಬ್ ಹೌಸು. ಇವಕ್ಕೂ ರೇಸಿಗೂ ಸಂಬಂಧ ಇಲ್ಲ. ನಮ್ಮ ಕಾಲೋನಿಗೆ ತಂದ ನಕ್ಷೆಯಲ್ಲಿ ಟ್ರ್ಯಾಕಿಗಿಂತ ವಿಲ್ಲಾದ ಜಾಗವೇ ಜಾಸ್ತಿ ಇದೆ.

ಇನ್ನೊಂದು ವಿಷಯ. ರೇಸ್ ಟ್ರ್ಯಾಕಲ್ಲಿ ರೇಸ್ ನಡೆಯೋದು ವರ್ಷದಲ್ಲಿ ಕೆಲವೇ ವಾರಾಂತ್ಯ. ಉಳಿದ ದಿನ ಟ್ರ್ಯಾಕ್ ಬದುಕೋದು ಬಾಡಿಗೆಯಲ್ಲಿ. ಕಾರು, ಬೈಕು, ಟೈರು ಕಂಪನಿಗಳು ಪರೀಕ್ಷೆಗೆ ತಗೋತಾರೆ. ಹೊಸ ಗಾಡಿ ಬಿಟ್ಟಾಗ ಪತ್ರಕರ್ತರನ್ನ ಕರೆಸಿ ಓಡಿಸ್ತಾರೆ, ಜಾಹೀರಾತು ಶೂಟ್ ಮಾಡ್ತಾರೆ. ರೇಸಿಂಗ್ ಶಾಲೆ ನಡೆಸ್ತಾರೆ. "ಟ್ರ್ಯಾಕ್ ಡೇ" ಅಂತ ಇರುತ್ತೆ, ದುಬಾರಿ ಬೈಕ್ ಇರೋರು ದುಡ್ಡು ಕಟ್ಟಿ ದಿನವಿಡೀ ಓಡಿಸಬಹುದು. ಐಟಿ ಕಂಪನಿಗಳ ಟೀಮ್ ಔಟಿಂಗ್ ಬರುತ್ತೆ. ಬೆಂಗಳೂರಿನ ಸುತ್ತ ಇದಕ್ಕೆಲ್ಲ ಗಿರಾಕಿ ಇದ್ದಾರೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡಲ್ಲಿ ಸಂಬಳದ ಜನ, ಪೀಣ್ಯದಲ್ಲಿ ಬಿಡಿಭಾಗ ಮಾಡೋ ಕಾರ್ಖಾನೆ, ಬಿಡದೀಲಿ ಟೊಯೋಟಾ. ಅತ್ತಿಬೆಲೆ ದಾಟಿದ್ರೆ ಹೊಸೂರಲ್ಲಿ ಟಿವಿಎಸ್, ಅವರದ್ದು ಕಾರ್ಖಾನೆ ಒಳಗೇ ಟೆಸ್ಟ್ ಟ್ರ್ಯಾಕ್ ಇದೆ.

ಅಂದ್ರೆ ಇದು ವ್ಯಾಪಾರ. ವ್ಯಾಪಾರ ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ "ಊರಿಗೆ ಉದ್ಯೋಗ" ಅಂತ ಹೇಳೋವಾಗ ಲೆಕ್ಕ ಕೇಳಬೇಕಲ್ವಾ? ಬಾವುಟ ಹಿಡಿಯೋ ಮಾರ್ಷಲ್‌ಗಳು ಬಹುತೇಕ ಹವ್ಯಾಸಕ್ಕೆ ಬರೋ ಸ್ವಯಂಸೇವಕರು. ಮೆಕ್ಯಾನಿಕ್‌ಗಳನ್ನ ರೇಸ್ ತಂಡಗಳೇ ಕರ್ಕೊಂಡು ಬರ್ತಾವೆ. ಟ್ರ್ಯಾಕಿನೋರು ಕೊಡೋ ಖಾಯಂ ಕೆಲಸ ಕಡಿಮೆ. ಊರೋರಿಗೆ ಉಳಿಯೋದು ಗೇಟ್ ಕಾಯೋದು, ಹುಲ್ಲು ಕತ್ತರಿಸೋದು, ಟೈರ್ ಜೋಡಿಸೋದು, ಶೌಚಾಲಯ ತೊಳೆಯೋದು. ಇದರಲ್ಲಿ ಯಾವ ಕೆಲಸ ಯಾವ ಕೇರಿಗೆ ಬರುತ್ತೆ ಅಂತ ಊಹಿಸೋಕೆ ದೊಡ್ಡ ಓದು ಬೇಕಿಲ್ಲ.

ಈಗ ನನಗೆ ಬರೆಯೋಕೆ ಕಷ್ಟ ಆಗೋ ಭಾಗ. ಈ ದೇಶದ ಅತಿ ದೊಡ್ಡ ಖಾಸಗಿ ರೇಸ್ ಟ್ರ್ಯಾಕಿನ ಹೆಸರು ಏನು ಗೊತ್ತಾ? ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್.

ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದಲ್ಲಿದೆ, ಗೌತಮ ಬುದ್ಧ ನಗರ ಜಿಲ್ಲೆ. ಆ ಜಿಲ್ಲೆ ಮಾಡಿ ಆ ಹೆಸರಿಟ್ಟಿದ್ದು 1997ರಲ್ಲಿ ಮಾಯಾವತಿಯವರ ಸರ್ಕಾರ. ಟ್ರ್ಯಾಕ್ ಕಟ್ಟಿದ್ದು ಜೇಪಿ ಗ್ರೂಪ್. ವಿನ್ಯಾಸ ಜರ್ಮನಿಯ ಹರ್ಮನ್ ಟಿಲ್ಕೆಯವರದ್ದು, ಉದ್ದ 5.1 ಕಿಲೋಮೀಟರ್. 2011ರ ಅಕ್ಟೋಬರ್ 14ರಂದು ಬೆಹನ್‌ಜಿ ನೋಯ್ಡಾದಲ್ಲಿ ರಾಷ್ಟ್ರೀಯ ದಲಿತ ಪ್ರೇರಣಾ ಸ್ಥಳ ಉದ್ಘಾಟನೆ ಮಾಡಿದ್ರು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ ದಿನ ಅದು. ಅದಾದ ಹದಿನಾರು ದಿನಕ್ಕೆ, ಅಕ್ಟೋಬರ್ 30ಕ್ಕೆ, ಅದೇ ಜಿಲ್ಲೆಯಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ನಡೀತು. ಗೆದ್ದ ಸೆಬಾಸ್ಟಿಯನ್ ವೆಟ್ಟಲ್‌ಗೆ ಟ್ರೋಫಿ ಕೊಟ್ಟಿದ್ದು ಬೆಹನ್‌ಜಿಯವರೇ.

ಆ ಫೋಟೋ ನೋಡಿ ಅವತ್ತು ನನಗೆ ಎದೆ ಉಬ್ಬಿತ್ತು. ಸುಳ್ಳು ಹೇಳಲ್ಲ, ಇವತ್ತೂ ನೋಡಿದ್ರೆ ಖುಷಿಯೇ ಆಗುತ್ತೆ. ಇಡೀ ಜಗತ್ತಿನ ಶ್ರೀಮಂತರ ಆಟದ ಅಂಗಳದಲ್ಲಿ ನಮ್ಮ ಹೆಣ್ಣುಮಗಳು ನಿಂತು ಬಹುಮಾನ ಕೊಟ್ಟಿದ್ದು ಸಣ್ಣ ವಿಷಯ ಅಲ್ಲ. ನಮಗೆ ಪ್ರತಿಮೆ ಬೇಕು, ಹೆಸರು ಬೇಕು, ವೇದಿಕೆ ಬೇಕು. ಆದ್ರೆ ಆ ಟ್ರ್ಯಾಕಿನ ಕೆಳಗಿದ್ದ ಮಣ್ಣಿನ ಕಥೆಯನ್ನೂ ಹೇಳ್ಬೇಕು.

ಟ್ರ್ಯಾಕ್ ಒಂದಕ್ಕೇ ಅಲ್ಲ, ಅದರ ಸುತ್ತ "ಸ್ಪೋರ್ಟ್ಸ್ ಸಿಟಿ"ಗೆ ಅಂತ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಆ ಕಂಪನಿಗೆ ಹಂಚಿದ್ದು ಸುಮಾರು 1,000 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ಎಕರೆ. ಆಟದ ಹೆಸರಲ್ಲಿ ತಗೊಂಡು ಮನೆ, ಫ್ಲಾಟು ಮಾರೋ ಯೋಜನೆ. ಅದೇ ಜಿಲ್ಲೆಯ ಭಟ್ಟಾ ಪರ್ಸೌಲ್‌ನಲ್ಲಿ 2011ರ ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್‌ವೇ ಕಡೆಯ ಭೂಸ್ವಾಧೀನದ ವಿರುದ್ಧ ಗಲಾಟೆಯಾಗಿ ಗೋಲಿಬಾರ್ ಆಯ್ತು, ರೈತರೂ ಸತ್ರು, ಪೊಲೀಸರೂ ಸತ್ರು. ಇನ್ನು ಕೂಲಿ ಮಾಡ್ಕೊಂಡಿದ್ದವರ ವಿಷಯ. ಆಗಿನ್ನೂ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಪರಿಹಾರ ಅಂದ್ರೆ ಜಮೀನಿನ ದಾಖಲೆ ಇರೋನಿಗೆ. ಅದೇ ಜಮೀನಲ್ಲಿ ತಲೆತಲಾಂತರ ದುಡಿದ ಭೂಹೀನ ಅದರ ಲೆಕ್ಕಕ್ಕೇ ಬರ್ತಿರಲಿಲ್ಲ. ಭೂಹೀನರಲ್ಲಿ ಹೆಚ್ಚಿನವರು ಯಾರು ಅಂತ ಮತ್ತೆ ಬಿಡಿಸಿ ಹೇಳ್ಬೇಕಾ?

ತೆರಿಗೆ ಕಥೆ ಬೇರೆ. ಮೊದಲ ರೇಸಿಗೆ ರಾಜ್ಯ ಸರ್ಕಾರ ಮನರಂಜನಾ ತೆರಿಗೆ ವಿನಾಯಿತಿ ಕೊಟ್ಟಿತ್ತು. ಅದರ ವಿರುದ್ಧ ಕೇಸಾಗಿ, ಟಿಕೆಟ್ ದುಡ್ಡಿನ 25 ಪರ್ಸೆಂಟ್ ಬೇರೆ ಖಾತೆಯಲ್ಲಿ ಇಡಿ ಅಂತ ರೇಸಿಗೆ ಒಂದು ವಾರ ಮುಂಚೆ ಸುಪ್ರೀಂ ಕೋರ್ಟ್ ಹೇಳ್ತು. ಇದು ಆಟವೋ ಮನರಂಜನೆಯೋ ಅಂತ ವರ್ಷಗಟ್ಟಲೆ ಜಗ್ಗಾಟ ನಡೀತು. 2011, 2012, 2013, ಮೂರೇ ವರ್ಷ. ಮೂರೂ ಸಲ ಗೆದ್ದಿದ್ದು ವೆಟ್ಟಲ್. ಆಮೇಲೆ ಫಾರ್ಮುಲಾ ಒನ್ ಈ ಕಡೆ ತಲೆ ಹಾಕಲಿಲ್ಲ. 2023ರ ಸೆಪ್ಟೆಂಬರಲ್ಲಿ ಮೋಟೋಜಿಪಿ ಬೈಕ್ ರೇಸ್ ಬಂತು, ಮರುವರ್ಷ ಅದೂ ಇಲ್ಲ.

ಕಂಪನಿ ಸಾಲದಲ್ಲಿ ಮುಳುಗಿತು. ಬಾಕಿ ಕಟ್ಟಿಲ್ಲ ಅಂತ ಪ್ರಾಧಿಕಾರ 2020ರಲ್ಲಿ ಆ 1,000 ಹೆಕ್ಟೇರ್ ಹಂಚಿಕೆಯನ್ನೇ ರದ್ದು ಮಾಡ್ತು, 2025ರಲ್ಲಿ ಅಲಹಾಬಾದ್ ಹೈಕೋರ್ಟ್ ಆ ರದ್ದತಿಯನ್ನ ಎತ್ತಿಹಿಡೀತು. ಮನೆಗೆ ದುಡ್ಡು ಕಟ್ಟಿದವರು ಅಲೆದಾಡಿದ್ರು. ಗಮನಿಸಿ, ಹಂಚಿಕೆ ರದ್ದಾದ್ರೂ ಜಮೀನು ವಾಪಸ್ ಹೋಗಿದ್ದು ಪ್ರಾಧಿಕಾರಕ್ಕೆ. ಉಳುತ್ತಿದ್ದವನ ಕೈಗಲ್ಲ, ಕಳೆ ಕೀಳ್ತಿದ್ದವಳ ಕೈಗಂತೂ ಅಲ್ಲವೇ ಅಲ್ಲ.

ಅದಕ್ಕೇ ನಮ್ಮ ಹುಡುಗನಿಗೆ ಹೇಳಿದ್ದು, "ಗೇಟಿನ ಮೇಲೆ ಬುದ್ಧನ ಹೆಸರಿದ್ರೂ ಗೇಟು ಗೇಟೇ ಕಣೋ. ಒಳಗೆ ಹೋಗೋಕೆ ಟಿಕೆಟ್ ಕೇಳ್ತಾರೆ."

ಅವನು ಸುಮ್ಮನಿರೋನಲ್ಲ. "ಹಂಗಾದ್ರೆ ಎಲೆಕ್ಟ್ರಾನಿಕ್ ಸಿಟಿಗೂ ಬೇಡ ಅನ್ಬೇಕಿತ್ತು. ನೀನು ಅಲ್ಲೇ ಕೆಲಸ ಮಾಡ್ತೀಯ" ಅಂದ.

ನಿಜ, ಮಾಡ್ತೀನಿ. 1970ರ ದಶಕದ ಕೊನೇಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡ್ತು. ಅದರಿಂದಲೇ ಬಿಎ ಓದಿದ ನನ್ನಂಥೋನಿಗೆ ಟೇಬಲ್ಲು, ಕುರ್ಚಿ, ತಿಂಗಳ ಸಂಬಳ ಸಿಕ್ತು. ಕಾರ್ಖಾನೆ ಬೇಡ, ಕಂಪನಿ ಬೇಡ, ಹಳ್ಳಿಯೇ ಸ್ವರ್ಗ ಅಂತ ಹೇಳೋರ ಗುಂಪಿಗೆ ನಾನು ಸೇರಲ್ಲ. ಹಳ್ಳಿ ನಮಗೆ ಸ್ವರ್ಗ ಆಗಿರಲಿಲ್ಲ ಅಂತ ಬಾಬಾಸಾಹೇಬರು ಸಂವಿಧಾನ ಸಭೆಯಲ್ಲೇ ಖಡಕ್ಕಾಗಿ ಹೇಳಿದ್ದಾರೆ. ಆದ್ರೆ ಕಾರ್ಖಾನೆ ದಿನಾ ಸಾವಿರಾರು ಜನಕ್ಕೆ ಕೆಲಸ ಕೊಡುತ್ತೆ. ಟ್ರ್ಯಾಕು ವಾರಾಂತ್ಯಕ್ಕೆ ಕೆಲವರಿಗೆ ಖುಷಿ ಕೊಡುತ್ತೆ. ಎರಡಕ್ಕೂ ಒಂದೇ ತಕ್ಕಡಿ ಹಿಡಿಯೋಕಾಗಲ್ಲ.

ಈಗ ಕಾನೂನು. ಇಲ್ಲಿ ನಿಧಾನವಾಗಿ ಓದಿ.

ದೇವರಾಜ ಅರಸು ಅವರ ಕಾಲದಲ್ಲಿ ಬಂದ 1978ರ ಪಿಟಿಸಿಎಲ್ ಕಾಯ್ದೆ ನಮ್ಮ ಜನಕ್ಕೆ ಮಂಜೂರಾದ ಜಮೀನನ್ನ ಕಾಪಾಡೋಕೆ ಅಂತಲೇ ಮಾಡಿದ್ದು. ಜಾರಿಗೆ ಬಂದದ್ದು 1979ರ ಜನವರಿ 1ಕ್ಕೆ. ಅದರ 4(2)ನೇ ಸೆಕ್ಷನ್ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಜಮೀನು ಯಾರಿಗೂ ವರ್ಗಾವಣೆ ಮಾಡೋ ಹಾಗಿಲ್ಲ. ಈಗ ಮುಖ್ಯ ವಿಷಯ. ವರ್ಗಾವಣೆ ಅಂದ್ರೆ ಬರೀ ಕ್ರಯ ಅಲ್ಲ. ದಾನ, ಅಡಮಾನ, ಲೀಸ್, ಎಲ್ಲವೂ ವರ್ಗಾವಣೆಯೇ. ಮುಂದೆ ಮಾರ್ತೀನಿ, ಮುಂದೆ ಲೀಸಿಗೆ ಕೊಡ್ತೀನಿ ಅಂತ ಬರೆದ ಕರಾರು ಕೂಡ ವರ್ಗಾವಣೆ ಅಂತಲೇ ಕಾಯ್ದೆಯಲ್ಲಿ ಬರೆದಿದೆ. ಬಿಟ್ಟಿರೋದು ಮನೆಯವರ ವಿಭಾಗ ಮತ್ತು ಉಯಿಲು ಎರಡನ್ನ ಮಾತ್ರ.

ಹಾಗಾಗಿ ಕಾರಲ್ಲಿ ಬಂದವರು "ಇದು ಮಾರಾಟ ಅಲ್ಲ ಅಣ್ಣಾ, ಬರೀ ಲೀಸ್, ಪಿಟಿಸಿಎಲ್ ಬರಲ್ಲ" ಅಂದ್ರೆ ಅದು ಸುಳ್ಳು. ಅನುಮತಿ ಇಲ್ಲದೆ ಆದ ವರ್ಗಾವಣೆ ಅನೂರ್ಜಿತ. 5ನೇ ಸೆಕ್ಷನ್ ಅಡಿ ಎಸಿ ಸಾಹೇಬರ ಮುಂದೆ ಅರ್ಜಿ ಹಾಕಿ ಜಮೀನು ವಾಪಸ್ ಪಡೀಬಹುದು. ಅಲ್ಲಿ ಆಗದಿದ್ರೆ ಡಿಸಿಗೆ ಮೇಲ್ಮನವಿ. 2017ರಲ್ಲಿ ಸುಪ್ರೀಂ ಕೋರ್ಟ್, ಅರ್ಜಿಯನ್ನ ಸಮಂಜಸವಾದ ಕಾಲದೊಳಗೆ ಹಾಕಬೇಕು ಅಂತ ತೀರ್ಪು ಕೊಟ್ಟ ಮೇಲೆ ನಮ್ಮವರ ಎಷ್ಟೋ ಕೇಸು ತಡವಾಯ್ತು ಅನ್ನೋ ಕಾರಣಕ್ಕೇ ಬಿದ್ದುಹೋದವು. ಅದಕ್ಕೇ ಫ್ರೀಡಂ ಪಾರ್ಕಲ್ಲಿ ನಮ್ಮ ಜನ ಬಿಸಿಲು ಮಳೆ ಅನ್ನದೆ ತಿಂಗಳುಗಟ್ಟಲೆ ಕೂತಿದ್ದು. 2023ರಲ್ಲಿ ತಿದ್ದುಪಡಿ ಆಗಿ ಕಾಲಮಿತಿ ಇಲ್ಲ ಅಂತ ಕಾಯ್ದೆಗೆ ಸೇರಿಸಿದ್ರು. ಆ ಧರಣೀಲಿ ಕೂತಿದ್ದ ಮುದುಕಿಯರ ಋಣ ನಮ್ಮ ಮೇಲಿದೆ. ಹತ್ತು ನಿಮಿಷದ ಸಹಿಗೆ ಅದನ್ನ ಮಾರ್ಕೋಬಾರದು.

ಇನ್ನೊಂದು ದಾರಿ ಇದೆ, ಅದು ಹೆಚ್ಚು ಅಪಾಯ. ಸಹಿ ಸಿಗದಿದ್ರೆ ಕೆಐಎಡಿಬಿ ಬಾಗಿಲು ತಟ್ತಾರೆ. 1966ರ ಕೆಐಎಡಿಬಿ ಕಾಯ್ದೆಯ 28(1) ಪ್ರಕಾರ ಪ್ರಾಥಮಿಕ ಅಧಿಸೂಚನೆ, 28(4) ಪ್ರಕಾರ ಅಂತಿಮ ಅಧಿಸೂಚನೆ. ಒಂದ್ಸಲ ಅಂತಿಮ ಆದ್ರೆ ಜಮೀನು ಸರ್ಕಾರದ್ದು, ಆಮೇಲೆ ಯಾರಿಗೆ ಕೊಡ್ತಾರೋ ಅವರದ್ದು. ರೇಸ್ ಟ್ರ್ಯಾಕು ಕೈಗಾರಿಕೆ ಹೇಗಾಗುತ್ತೆ ಅಂತ ಕೇಳ್ಬೇಡಿ, "ಟೆಸ್ಟಿಂಗ್", "ಆಟೋಮೋಟಿವ್", "ಟೂರಿಸಂ" ಅನ್ನೋ ಪದಗಳು ಇರೋದೇ ಅದಕ್ಕೆ. ಜೊತೆಗೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ದುಡ್ಡಿರೋ ಯಾರು ಬೇಕಾದ್ರೂ ಕೃಷಿ ಜಮೀನು ಕೊಳ್ಳಬಹುದು. ಪಕ್ಕದ ಗೌಡರ ಜಮೀನು ಅವರು ಇಷ್ಟಪಟ್ಟು ಮಾರಿದ್ರೆ ನಾವು ತಡೆಯೋಕಾಗಲ್ಲ. ಸುತ್ತ ಎಲ್ಲಾ ಮಾರಿ ಮಧ್ಯೆ ನಮ್ಮದೊಂದು ತುಂಡು ಉಳಿದ್ರೆ ದಾರಿ ಮುಚ್ತಾರೆ, ಬೋರ್‌ವೆಲ್ ಬತ್ತುತ್ತೆ. ಆ ಒತ್ತಡಕ್ಕೆ ಈಗಲೇ ತಯಾರಾಗಿರಬೇಕು.

ಹೆದರ್ಕೋಬೇಡಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ ನೆನಪಿಸ್ಕೊಳ್ಳಿ. 13 ಹಳ್ಳಿ, 1,777 ಎಕರೆ, ಏರೋಸ್ಪೇಸ್ ಪಾರ್ಕ್. 2022ರ ಏಪ್ರಿಲಲ್ಲಿ ಶುರುವಾದ ಧರಣಿ ಮೂರು ವರ್ಷ ದಾಟಿತು. ಲಾಠಿ ತಿಂದ್ರು, ಕೇಸ್ ಹಾಕಿಸ್ಕೊಂಡ್ರು, ಆದ್ರೂ ಏಳಲಿಲ್ಲ. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡ್ತೀವಿ ಅಂತು. ಅಲ್ಲಿ ರೈತ ಸಂಘದ ಹಸಿರು ಶಾಲೂ ನಮ್ಮ ನೀಲಿ ಶಾಲೂ ಒಟ್ಟಿಗೆ ಕೂತಿದ್ವು. ಅವತ್ತೇ ಸರ್ಕಾರ ಇನ್ನೊಂದು ಮಾತನ್ನೂ ಹೇಳ್ತು, ಇಷ್ಟ ಇರೋರು ಕೊಡಬಹುದು ಅಂತ. ಆ "ಇಷ್ಟ"ವನ್ನ ಹುಟ್ಟಿಸೋಕೇ ಬಿಳಿ ಕಾರು ಬರೋದು.

ಹಾಗಾದ್ರೆ ನನ್ನ ನಿಲುವು ಏನು? ಟ್ರ್ಯಾಕ್ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಜಮೀನಲ್ಲಿ ಬೇಡ, ನಮ್ಮನ್ನ ಹೊರಗಿಟ್ಟು ಬೇಡ. ಅಪ್ಪನ ಹೊಲದ ಮೇಲೆ ಟ್ರ್ಯಾಕ್ ಕಟ್ಟಿ, ಅಪ್ಪನನ್ನ ಗೇಟಿಗೆ ವಾಚ್‌ಮನ್ ಮಾಡಿ, ಮಗ ಬೇಲಿ ಹೊರಗೆ ನಿಂತು ಮೊಬೈಲಲ್ಲಿ ವಿಡಿಯೋ ತೆಗೆಯೋ ಅಭಿವೃದ್ಧಿ ನಮಗೆ ಬೇಡ.

ಮುಂದಿನ ಗ್ರಾಮಸಭೆಗೆ ನಾನು ಬರೆದಿಟ್ಟ ಬೇಡಿಕೆ ಇವು. ನಿಮ್ಮ ಕಡೆಗೂ ಹೊಂದುತ್ತಾ ನೋಡಿ, ಬೇಕಿದ್ರೆ ತಿದ್ದಿ ಬಳಸ್ಕೊಳ್ಳಿ.

1. ಪಿಟಿಸಿಎಲ್ ಜಮೀನು, ಗೋಮಾಳ, ಕೆರೆ ಅಂಗಳ, ರಾಜಕಾಲುವೆ, ನಮ್ಮ ಸ್ಮಶಾನ, ಇವು ಯೋಜನೆಯ ನಕ್ಷೆಯಿಂದ ಹೊರಗಿರಬೇಕು. ಸರ್ವೆ ನಂಬರ್ ಪಟ್ಟಿಯನ್ನ ಪಂಚಾಯ್ತಿ ಬೋರ್ಡಿಗೆ ಅಂಟಿಸಬೇಕು.

2. ಟ್ರ್ಯಾಕಿಗೆ ಎಷ್ಟು, ವಿಲ್ಲಾಗೆ ಎಷ್ಟು ಅಂತ ಬೇರೆ ಬೇರೆ ತೋರಿಸಬೇಕು. ಕ್ರೀಡೆ ಹೆಸರಲ್ಲಿ ರಿಯಲ್ ಎಸ್ಟೇಟ್ ಬೇಡ.

3. ಜಮೀನಿಲ್ಲದ ಕೂಲಿ ಮನೆಗಳನ್ನೂ ಬಾಧಿತ ಕುಟುಂಬ ಅಂತ ಲೆಕ್ಕಕ್ಕೆ ತಗೋಬೇಕು. 2013ರ ಭೂಸ್ವಾಧೀನ ಕಾಯ್ದೆ ಆ ತತ್ವ ಒಪ್ಪಿದೆ. ಕೆಐಎಡಿಬಿ ಬೇರೆ ಕಾಯ್ದೆ ಅಂತ ಜಾರ್ಕೊಳ್ಳೋಕೆ ಬಿಡಬಾರದು.

4. ನೀರು ಎಲ್ಲಿಂದ ತರ್ತಾರೆ, ಶಬ್ದ ಯಾವ ಹೊತ್ತಿಗೆ ನಿಲ್ಲುತ್ತೆ ಅಂತ ಬರಹದಲ್ಲಿ ಕೊಡಬೇಕು. ಪರೀಕ್ಷೆ ಕಾಲದಲ್ಲಿ ರೇಸ್ ಇಲ್ಲ.

5. ತಿಂಗಳಲ್ಲಿ ಇಂತಿಷ್ಟು ದಿನ ಸುತ್ತಲ ಹಳ್ಳಿಗಳ ಹುಡುಗ ಹುಡುಗಿಯರಿಗೆ ಉಚಿತ ತರಬೇತಿ. ಹೆಲ್ಮೆಟ್, ಸೂಟ್, ಬೈಕ್ ಸಮೇತ. ಕಂಪನಿಗಳ ಸಿಎಸ್‌ಆರ್ ದುಡ್ಡು ಇದಕ್ಕೆ ಬರಲಿ. ಐಟಿಐ ಓದಿದವರಿಗೆ ಪಿಟ್ಟಲ್ಲಿ ಕೆಲಸ, ಗೇಟಲ್ಲಿ ಮಾತ್ರ ಅಲ್ಲ.

6. ಕಂಪನಿ ಮುಳುಗಿದ್ರೆ, ಇಂತಿಷ್ಟು ವರ್ಷ ಟ್ರ್ಯಾಕ್ ನಡೆಯದಿದ್ರೆ, ಜಮೀನು ಮೂಲ ಕುಟುಂಬಗಳಿಗೆ ವಾಪಸ್ ಅಂತ ಮೊದಲೇ ಬರೆಸಬೇಕು. ಗ್ರೇಟರ್ ನೋಯ್ಡಾದ ಪಾಠ ಇದು.

ಇನ್ನೊಂದು ಬೇಡಿಕೆ ಸರ್ಕಾರಕ್ಕೆ. ಚೆನ್ನೈಯವರು ಯುದ್ಧಕಾಲದ ರನ್‌ವೇ ಮೇಲೆ ದಶಕಗಟ್ಟಲೆ ರೇಸ್ ಮಾಡಿದ್ರು ಅಂದ್ರೆ, ನಮ್ಮಲ್ಲೂ ಸರ್ಕಾರದ ಹತ್ರ ಬಳಕೆಯಿಲ್ಲದ ಡಾಂಬರು, ಮುಚ್ಚಿದ ಕಾರ್ಖಾನೆಗಳ ಅಂಗಳ ಇದ್ದೇ ಇರುತ್ತೆ. ಅಲ್ಲೊಂದು ಸಾರ್ವಜನಿಕ ಟ್ರ್ಯಾಕ್ ಮಾಡ್ಲಿ. ಕಂಠೀರವ ಸ್ಟೇಡಿಯಮ್ಮಿನ ಥರ ಕ್ರೀಡಾ ಇಲಾಖೆ ಕೈಯಲ್ಲಿರಲಿ. ವೀಲಿಂಗ್ ಮಾಡೋ ಹುಡುಗರ ಬೈಕ್ ಸೀಜ್ ಮಾಡಿ ಫೋಟೋ ಹಾಕೋದಕ್ಕಿಂತ ಅದು ಒಳ್ಳೇ ಕೆಲಸ.

ಇದನ್ನೆಲ್ಲ ಹೇಳಿದ ಮೇಲೆ ನಮ್ಮ ಹುಡುಗ ಒಪ್ಪಿದನಾ? ಪೂರ್ತಿ ಇಲ್ಲ. "ನಿನ್ನ ಆರು ಬೇಡಿಕೆ ಅವರು ಒಪ್ಪಲ್ಲ ಮಾವ, ನಂಗೂ ವಯಸ್ಸಾಗೋಗುತ್ತೆ" ಅಂದ. ಅವನ ಅವಸರ ನನಗೆ ಅರ್ಥ ಆಗುತ್ತೆ. ಆದ್ರೂ ಐದನೇ ಬೇಡಿಕೆಗೆ "ಬೈಕ್ ಸಮೇತ" ಅನ್ನೋ ಮಾತು ಸೇರಿಸಿದ್ದು ಅವನೇ.

ಕೊನೆಯದಾಗಿ, ಸಹಿ ಹಾಕೋ ಮುಂಚೆ ಮೂರು ಕಾಗದ ತೆಗೆದು ನೋಡಿ. ಸಾಗುವಳಿ ಚೀಟಿ, ಮಂಜೂರಾತಿ ಆದೇಶ, ಪಹಣಿ. ಇಲ್ಲದಿದ್ರೆ ತಾಲ್ಲೂಕು ಆಫೀಸಿನ ದಾಖಲೆ ಕೊಠಡಿಯಿಂದ ದೃಢೀಕೃತ ನಕಲು ಕೇಳಿ, ಕೊಡದಿದ್ರೆ ಆರ್‌ಟಿಐ ಹಾಕಿ. ಅರ್ಜಿ ಬರೆಯೋಕೆ ಬರದಿದ್ರೆ ಭಾನುವಾರ ಬೆಳಗ್ಗೆ ನಮ್ಮ ಕಾಲೋನಿಯ ಅಂಬೇಡ್ಕರ್ ಭವನಕ್ಕೆ ಬನ್ನಿ, ನಾನೇ ಬರ್ಕೊಡ್ತೀನಿ. ಈಗಾಗಲೇ ಅಡ್ವಾನ್ಸ್ ತಗೊಂಡು ಸಹಿ ಹಾಕಿದ್ರೂ ನಾಚ್ಕೋಬೇಡಿ, ಮುಚ್ಚಿಡಬೇಡಿ. ಮಗಳ ಮದುವೆಗೋ ಆಸ್ಪತ್ರೆಗೋ ಬೇಕಾಗಿ ತಗೊಂಡಿರ್ತೀರಿ. ಕಾಗದ ತಗೊಂಡು ಬನ್ನಿ, ವಕೀಲರ ಹತ್ರ ಒಟ್ಟಿಗೆ ಹೋಗೋಣ.

ಶೇರ್ ಮಾಡಿ. ಕಾಪಿ ಮಾಡಿ ವಾಟ್ಸಾಪಲ್ಲಿ ಕಳಿಸಿ, ನನ್ನ ಹೆಸರು ಬೇಕಿಲ್ಲ.

ಜೈಭೀಮ್. ಭೂಮಿ ನಮ್ಮ ಹಕ್ಕು.